ನಡುನೀರಲ್ಲಿ ನಿಲ್ಲುತ್ತಿದ್ದ ದೋಣಿ: ಕೊನೆಗೆ ಸಿಕ್ಕಿದ್ದು ಕೂದಲೆಳೆಯಷ್ಟು ಬಿರುಕು

ಹಿರಿಯೂರಿನ ಮಾರಿಕಣಿವೆ ಹಿನ್ನೀರಿನಲ್ಲಿ ನಮ್ಮದೊಂದು ಡೀಸೆಲ್ ದೋಣಿ ಇದೆ. 2022ರಲ್ಲಿ, 1933ರ ನಂತರ ಮೊದಲ ಸಲ, ಡ್ಯಾಂ ಕೋಡಿ ಬಿತ್ತಲ್ಲ, ಆಮೇಲೆ ಕೊಂಡದ್ದು. ಹೋದ ತಿಂಗಳು ಕಾಟ ಶುರುವಾಯಿತು. ಸ್ಟಾರ್ಟ್ ಚೆನ್ನಾಗೇ ಆಗುತ್ತಿತ್ತು. ಹತ್ತು ನಿಮಿಷಕ್ಕೆ ಸದ್ದು ಏರಿಳಿದು ನಡುನೀರಲ್ಲಿ ಆಫ್.

ಫಿಲ್ಟರ್ ಬದಲಾಯಿಸಿದೆ. ಟ್ಯಾಂಕಿನ ತಳದ ನೀರು ತೆಗೆದೆ. ಏನೂ ಆಗಲಿಲ್ಲ. ಮೆಕ್ಯಾನಿಕ್ ಒಬ್ಬರು ಪಂಪನ್ನೇ ಬಿಚ್ಚೋಣ ಎಂದರು. ನನಗೆ ಮನಸ್ಸು ಬರಲಿಲ್ಲ.

ಅಣ್ಣ ಹೇಳಿದ, "ಫಿಲ್ಟರ್‌ಗೆ ಮುಂಚೆ ಒಂದು ಗೇಣು ಬಿಳಿ ಪ್ಲಾಸ್ಟಿಕ್ ಪೈಪ್ ಹಾಕಿ ನೋಡೋ, ಒಳಗೆ ಕಾಣುತ್ತೆ." ಹಾಕಿದೆ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು! ನಮ್ಮ ಟ್ಯಾಂಕ್ ಎಂಜಿನ್‌ಗಿಂತ ಕೆಳಗಿದೆ, ಪಂಪ್ ಡೀಸೆಲನ್ನು ಎಳೆದುಕೊಳ್ಳಬೇಕು. ಎಂಜಿನ್ ಓಡುವಾಗ ಟ್ಯಾಂಕಿನಿಂದ ಪಂಪಿಗೆ ಬರುವ ದಾರಿಯಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಎಲ್ಲೂ ಹನಿ ಕಂಡಿರಲಿಲ್ಲ. ರಬ್ಬರ್ ಪೈಪನ್ನು ಬಗ್ಗಿಸಿದಾಗ ಕ್ಲಿಪ್ಪಿನ ಅಡಿಯಲ್ಲಿ ಬಿರುಕು ಬಾಯಿಬಿಟ್ಟಿತು.

ಹೊಸ ಪೈಪ್, ಹೊಸ ತಾಮ್ರದ ವಾಷರ್ ಹಾಕಿ ಏರ್ ತೆಗೆದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿದರೆ ಮೊದಲು ನೊರೆ, ಆಮೇಲೆ ತಿಳಿ ಡೀಸೆಲ್. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ, ಇಲ್ಲದಿದ್ದರೆ ಗಾಳಿ ಮತ್ತೆ ಒಳಗೆ. ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಪೈಪಿನ ನಟ್ಟನ್ನೂ ಸಡಿಲಿಸಿ, ಎಂಜಿನ್ ತಿರುಗಿಸಿ, ಡೀಸೆಲ್ ಬಂದ ಮೇಲೆ ಬಿಗಿದೆ. ಅಲ್ಲಿ ಮಾತ್ರ ಕೈ, ಮುಖ ದೂರ ಇರಲಿ. ಒತ್ತಡ ಜಾಸ್ತಿ, ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಸೋರಿದ್ದನ್ನೆಲ್ಲ ಡಬ್ಬಿಯಲ್ಲಿ ಹಿಡಿದೆ. ಹಿರಿಯೂರು, ಚಿತ್ರದುರ್ಗದವರು ಕುಡಿಯುವ ನೀರು ಅದು, ಅಲ್ವಾ?

ಭಾನುವಾರ ಆಚೆ ದಡಕ್ಕೆ ಹೋಗಿ ಬಂದೆವು. ಸದ್ದು ಒಂದೇ ಸಮ ಇತ್ತು.