ಹಳೆಯ ಕಾರಿನ ಹಿಂದಿನ ಒಡೆಯರನ್ನು ಪತ್ತೆ ಹಚ್ಚುವುದು ಹೇಗೆ

ನಂಬರ್ ಪ್ಲೇಟ್ ಒಂದನ್ನೇ ನೆಚ್ಚಿಕೊಂಡು ಹುಡುಕಲು ಹೊರಡಬೇಡಿ. ಪ್ಲೇಟ್, ಇಂಜಿನ್, ಬಾಡಿ ಮೂರೂ ಬದಲಾಗಿರಬಹುದು. ಬಹುತೇಕ ಕಾರುಗಳಲ್ಲಿ ಕೊನೆಯವರೆಗೂ ಉಳಿದು ಬರುವುದು ಷಾಸಿ ನಂಬರ್, ಅಂದರೆ ಕಾರಿನ ಚೌಕಟ್ಟಿಗೆ ಕೊಟ್ಟ ಗುರುತಿನ ನಂಬರ್.

ಬಾನೆಟ್ ಎತ್ತಿದರೆ ಫೈರ್‌ವಾಲ್ (ಇಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೇಲೆ ಆ ನಂಬರಿರುವ, ರಿವೆಟ್ ಹೊಡೆದ ಪಟ್ಟಿ ಸಿಗಬಹುದು. ರಿವೆಟ್ ಕಿತ್ತರೆ ಅದು ಇನ್ನೊಂದು ಕಾರಿಗೆ ಹೋಗುತ್ತದೆ, ಹಾಗಾಗಿ ಚೌಕಟ್ಟಿನ ಉಕ್ಕಿನ ಮೇಲೇ ಒತ್ತಿದ ಅಂಕಿಗಳನ್ನೂ ಹುಡುಕಿ, ಎರಡನ್ನೂ ತಾಳೆ ನೋಡಿ. ತುಕ್ಕು ಹಿಡಿದಿದ್ದರೆ ಗ್ರೈಂಡರ್, ಉಪ್ಪುಕಾಗದ ಖಂಡಿತ ಬೇಡ. ಉಜ್ಜಿದ ಜಾಗ ನೋಡಿದವರಿಗೆ ನಂಬರ್ ತಿದ್ದಿದಂತೆ ಕಾಣುತ್ತದೆ, ಆಮೇಲೆ ಆ ಅನುಮಾನ ಅಳಿಸಲಾಗದು. ಸೀಮೆಎಣ್ಣೆಯಿಂದ ಜಿಡ್ಡು ತೆಗೆದು, ಮೆತ್ತನೆಯ ಬ್ರಷ್ ಆಡಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿದರೆ 3 ಯಾವುದು, 8 ಯಾವುದು ಎಂಬುದು ಸ್ಪಷ್ಟವಾಗುತ್ತದೆ.

17 ಅಕ್ಷರಗಳ ಏಕರೂಪದ ನಂಬರ್ ಅಮೆರಿಕದಲ್ಲಿ ಬಂದದ್ದೇ 1981ರ ಮಾಡೆಲ್‌ಗಳಿಂದ. ಅದಕ್ಕೂ ಮೊದಲು ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. ಫೋರ್ಡ್ ಮಾಡೆಲ್ ಟಿಯಲ್ಲಿ ಇಂಜಿನ್ ಮೇಲಿನ ಅಂಕಿಯೇ ಕಾರಿನ ನಂಬರ್. ಮಾಡೆಲ್ ಎಯಲ್ಲಿ ಅದೇ ಅಂಕಿಯನ್ನು ಚೌಕಟ್ಟಿನ ಮೇಲೂ ಒತ್ತುತ್ತಿದ್ದರು, ಆದರೆ ಅದು ಬಾಡಿಯ ಅಡಿಯಲ್ಲಿ ಮರೆಯಾಗಿರುತ್ತದೆ. ಎಂದೋ ಇಂಜಿನ್ ಬದಲಾಗಿದ್ದರೆ ದಾಖಲೆಗೂ ಕಾರಿಗೂ ಹೊಂದುವುದಿಲ್ಲ. ಅಷ್ಟಕ್ಕೇ ಮೋಸವೆಂದು ತೀರ್ಮಾನಿಸಬಾರದು.

ಇನ್ನು ತಯಾರಕರ ದಾಖಲೆ. ಆಸ್ಟಿನ್, ಮಾರಿಸ್, ಎಂಜಿಯಂಥ ಕಾರುಗಳ ಕಾರ್ಖಾನೆ ಲೆಡ್ಜರ್‌ಗಳು ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿವೆ. ಶುಲ್ಕ ಕಟ್ಟಿದರೆ ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಸಿಗುವುದು ತಯಾರಾದ ದಿನ, ಬಣ್ಣ, ಕಾರು ಹೋದ ಡೀಲರ್ ಅಥವಾ ದೇಶ. ಮೊದಲ ಒಡೆಯರ ಹೆಸರನ್ನು ಅಲ್ಲಿ ನಿರೀಕ್ಷಿಸಬೇಡಿ. ಹಳೆಯ ರೋಲ್ಸ್‌ರಾಯ್ಸ್‌ನ ಷಾಸಿ ಕಾರ್ಡುಗಳಲ್ಲಿ ಕೊಂಡವರ ಹೆಸರೂ ಇರುತ್ತದೆ. ಆ ಕಾಲದ ಷಾಸಿಗೆ ಬಾಡಿ ಕಟ್ಟುತ್ತಿದ್ದವರು ಬೇರೆ ಕಂಪನಿಯವರು, ಆದ್ದರಿಂದ ಬಾಡಿ ನಂಬರನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ.

ಕಾರನ್ನೇ ಜಾಲಾಡುವುದನ್ನು ಹಲವರು ಮರೆಯುತ್ತಾರೆ, ಎಷ್ಟೋ ಸಲ ಅತಿ ಒಳ್ಳೆಯ ಸುಳಿವು ಅಲ್ಲೇ ಇರುತ್ತದೆ! ಸೀಟು ಎತ್ತಿ, ಬಾಗಿಲಿನ ಒಳ ಹಲಗೆ ಬಿಚ್ಚಿ, ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ. ಪೆಟ್ರೋಲ್ ರಸೀದಿ, ಡೀಲರ್‌ನ ಸಣ್ಣ ಬಿಲ್ಲೆ, ಸರ್ವಿಸ್ ಚೀಟಿ ಏನು ಸಿಕ್ಕರೂ ಸಿಕ್ಕ ಜಾಗದಲ್ಲೇ ಫೋಟೋ ತೆಗೆದು ಆಮೇಲೆ ಎತ್ತಿಕೊಳ್ಳಿ. ಬ್ರಿಟನ್ನಿನ ಕಾರಾದರೆ 2014ರವರೆಗೆ ಗಾಜಿನ ಮೇಲೆ ಇಡಬೇಕಿದ್ದ ತೆರಿಗೆ ಬಿಲ್ಲೆಯ ಹಿಂದೆ ಹಳೆಯ ಬಿಲ್ಲೆಗಳು ಸೇರಿಕೊಂಡಿರುವುದುಂಟು. ರಿಪೇರಿ ಬಿಲ್ಲುಗಳಲ್ಲಿನ ಮೀಟರ್ ಓದನ್ನು ತಾರೀಖಿನ ಪಕ್ಕ ಬರೆದರೆ ಕಾರು ಓಡದೆ ನಿಂತಿದ್ದ ವರ್ಷಗಳು ಎದ್ದು ಕಾಣುತ್ತವೆ. ಐದಂಕಿಯ ಮೀಟರ್ 99,999 ದಾಟಿ ಸೊನ್ನೆಗೆ ಮರಳುತ್ತದೆಂಬುದು ನೆನಪಿರಲಿ.

ನೋಂದಣಿ ದಾಖಲೆಯನ್ನು ಇಂದಿನಿಂದ ಹಿಂದಕ್ಕೆ ಓದುತ್ತಾ ಹೋಗಿ. ಬ್ರಿಟನ್ನಿನಲ್ಲಿ ನೋಂದಣಿ 1904ರಿಂದ ಕಡ್ಡಾಯವಾಯಿತು, ದಾಖಲೆ ಇಡುತ್ತಿದ್ದವರು ಸ್ಥಳೀಯ ಆಡಳಿತಗಳು. 1970ರ ದಶಕದಲ್ಲಿ ಕೆಲಸ ವೇಲ್ಸಿನ ಸ್ವಾನ್ಸಿಯಲ್ಲಿನ ಕೇಂದ್ರ ಕಚೇರಿಗೆ ಹೋದಾಗ ಹಳೆಯ ಲೆಡ್ಜರ್‌ಗಳು ಎಷ್ಟೋ ನಾಶವಾದವು. ಉಳಿದವನ್ನು ಕೌಂಟಿ ದಾಖಲೆ ಭಂಡಾರಗಳಲ್ಲಿ ಕೇಳಬೇಕು. ಯಾವ ದೇಶದಲ್ಲಾದರೂ ಎರಡು ಎಡವಟ್ಟು ಸಾಮಾನ್ಯ. ನೋಂದಣಿಯಾದ ವರ್ಷವನ್ನೇ ತಯಾರಾದ ವರ್ಷವೆಂದು ಎಣಿಸುವುದು ಒಂದು. ಮಾರಾಟವಾಗದ ಕಾರು ಡೀಲರ್ ಬಳಿ ತಿಂಗಳುಗಟ್ಟಲೆ ನಿಂತಿರಬಹುದು. ಕಂಪನಿಯ ಅಥವಾ ಗಂಡನ ಹೆಸರಿನಲ್ಲಿದ್ದ ಕಾರನ್ನು ನಿಜವಾಗಿ ಓಡಿಸಿದವರು ಬೇರೆಯವರಾಗಿರಬಹುದೆಂಬುದನ್ನು ಮರೆಯುವುದು ಇನ್ನೊಂದು.

ಹಳೆಯ ಒಡೆಯರ ಮನೆಯವರು ಸಿಕ್ಕರೆ ಮೊದಲು ಪತ್ರ ಬರೆಯಿರಿ. ಮಾತಾಡುವಾಗ "ಕಾರು ಹಸಿರು ಬಣ್ಣದ್ದಾಗಿತ್ತಲ್ಲವೇ?" ಎಂದು ಉತ್ತರವನ್ನು ಬಾಯಿಗಿಡದೆ "ಯಾವ ಬಣ್ಣದ್ದಿತ್ತು?" ಎಂದು ಕೇಳಿ. ಅವರ ಆಲ್ಬಮ್‌ನಲ್ಲಿ ಪ್ಲೇಟ್ ಕಾಣುವ ಒಂದು ಫೋಟೋ ಸಿಕ್ಕರೆ ಹಿಂಬದಿಯ ಬರಹದ ಪ್ರತಿಯನ್ನೂ ಬೇಡಿ ಪಡೆಯಿರಿ.

ಸಿಕ್ಕಿದ್ದನ್ನೆಲ್ಲ ವರ್ಷ, ಒಡೆಯ, ಊರು, ಆಧಾರ ಎಂದು ನಾಲ್ಕು ಕಾಲಂಗಳಲ್ಲಿ ಬರೆಯಿರಿ. ಬಾಯಿಮಾತಿನಿಂದ ಬಂದದ್ದಕ್ಕೆ ಪೆನ್ಸಿಲ್, ಕಾಗದದ ಆಧಾರವಿದ್ದದ್ದಕ್ಕೆ ಶಾಯಿ. ನಡುವೆ ಹತ್ತು ವರ್ಷ ಏನೂ ಸಿಗದಿದ್ದರೆ ಆ ಸಾಲನ್ನು ಖಾಲಿಯೇ ಬಿಡಿ. ಊಹೆಯಿಂದ ತುಂಬಿಸಿದ ಹೆಸರು ಮುಂದಿನ ಮಾರಾಟದ ಜಾಹೀರಾತಿನಲ್ಲಿ ಸತ್ಯವಾಗಿ ಅಚ್ಚಾಗುತ್ತದೆ, ಮುಂದೆ ಹುಡುಕುವವರೆಲ್ಲ ಅದನ್ನೇ ನಂಬಿ ದಾರಿ ತಪ್ಪುತ್ತಾರೆ.