ಬ್ರೇಸ್ ಬಿಚ್ಚುವ ಹೊತ್ತಿಗೆ ಊಟ: ಮಗಳ ತೂಕ ಏರಿಸಿದ ನನ್ನ ಅನುಭವ

ನನ್ನ ಮಗಳಿಗೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವ ಸ್ಕೋಲಿಯೋಸಿಸ್ ಚಿಕ್ಕಂದಿನಿಂದಲೇ ಇದೆ. ಹತ್ತು ವರ್ಷ ತುಂಬುವ ಮೊದಲೇ ಕಾಣಿಸಿಕೊಳ್ಳುವ ಈ ಬಗೆಯಲ್ಲಿ ವೈದ್ಯರು ಎಕ್ಸ್‌ರೇಯಲ್ಲಿ ವಕ್ರತೆಯ ಕೋನವನ್ನು ಅಳೆಯುವಷ್ಟೇ ಕಾಳಜಿಯಿಂದ ತೂಕವನ್ನೂ ಗಮನಿಸುತ್ತಾರೆ. ಮುಂದೆ ಶಸ್ತ್ರಚಿಕಿತ್ಸೆ ಬೇಕಾಗಿ ಬಂದರೆ ಸೊರಗಿದ ಮಗುವಿನ ಗಾಯ ಬೇಗ ಮಾಯುವುದಿಲ್ಲ, ಸೋಂಕಿನ ಭಯವೂ ಹೆಚ್ಚು. ಬೆನ್ನಿನೊಳಗೆ ಕೂರಿಸುವ ಲೋಹದ ಸರಳುಗಳನ್ನು ಮುಚ್ಚುವಷ್ಟು ಮಾಂಸವಾದರೂ ಅಲ್ಲಿ ಇರಬೇಕಾಗುತ್ತದೆ. ಹೀಗಾಗಿ ತೂಕ ಹೆಚ್ಚಿಸುವುದು ನಮಗೆ ಚಿಕಿತ್ಸೆಯದೇ ಒಂದು ಭಾಗವಾಯಿತು.

ಕಂಡವರೆಲ್ಲರ ಸಲಹೆಯೂ "ಇನ್ನಷ್ಟು ತಿನ್ನಿಸಿ" ಎಂಬುದೇ ಆಗಿತ್ತು. ಆದರೆ ನಮ್ಮ ತೊಂದರೆ ಹಸಿವಿನದಾಗಿರಲಿಲ್ಲ, ಜಾಗದ್ದಾಗಿತ್ತು. ಬೆನ್ನುಮೂಳೆ ಬಾಗಿದಾಗ ಎದೆಗೂಡು ಮತ್ತು ಸೊಂಟದ ನಡುವಿನ ಅಂತರ ಕುಗ್ಗುತ್ತದೆ. ಅದರ ಮೇಲೆ, ಬಾಗು ಹೆಚ್ಚದಂತೆ ಕಂಕುಳಿನಿಂದ ಸೊಂಟದವರೆಗೆ ಬಿಗಿಯಾಗಿ ಹಿಡಿಯುವ ಪ್ಲಾಸ್ಟಿಕ್ ಬ್ರೇಸ್ ಬಂದಾಗ ಜಠರ ಹಿಗ್ಗುವುದಕ್ಕೆ ಎಡೆಯೇ ಉಳಿಯುವುದಿಲ್ಲ. ಮಗಳು ಊಟಕ್ಕೆ ಕೂತಾಗ ಪಕ್ಕದಿಂದ ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತಿತ್ತು: ಕುರ್ಚಿಯಲ್ಲಿ ಕೂತೊಡನೆ ಬ್ರೇಸ್ ಮೇಲಕ್ಕೆ ಸರಿದು ಅದರ ಅಂಚು ಪಕ್ಕೆಲುಬಿನ ಕೆಳಗೆ ಒತ್ತುತ್ತಿತ್ತು, ಅವಳು ಭುಜಗಳನ್ನು ಎತ್ತಿ ಹಿಡಿದು ನಾಲ್ಕಾರು ತುತ್ತು ತಿನ್ನುವಷ್ಟರಲ್ಲಿ "ಅಮ್ಮಾ, ಸಾಕು, ಹೊಟ್ಟೆ ಬಿರಿತಿದೆ" ಎನ್ನುತ್ತಿದ್ದಳು. ಅದು ನೆಪವಲ್ಲ, ನಿಜವೇ ಆಗಿತ್ತು. ಸಾಲದೆಂಬಂತೆ, ಗಡುಸಾದ ಎದೆಗೂಡಿನಲ್ಲಿ ಉಸಿರೆಳೆಯುವ ಕೆಲಸಕ್ಕೇ ಇಂತಹ ಮಕ್ಕಳು ಉಳಿದವರಿಗಿಂತ ಹೆಚ್ಚು ಶಕ್ತಿ ವ್ಯಯಿಸುತ್ತಾರೆ.

ಆದ್ದರಿಂದ ನಾನು ಮೊದಲು ಬದಲಿಸಿದ್ದು ತಟ್ಟೆಯನ್ನಲ್ಲ, ವೇಳಾಪಟ್ಟಿಯನ್ನು. ಬ್ರೇಸನ್ನು ದಿನದ ಬಹುಪಾಲು ಧರಿಸಲೇಬೇಕು. ಬಿಚ್ಚಲು ಅನುಮತಿಯಿರುವ ಕೆಲವೇ ಗಂಟೆಗಳು ಸ್ನಾನಕ್ಕೆ, ವ್ಯಾಯಾಮಕ್ಕೆ ಹೇಗೋ ಕಳೆದುಹೋಗುತ್ತಿದ್ದವು. ಬ್ರೇಸ್ ತಯಾರಿಸುವ ತಜ್ಞರನ್ನೂ ಮೂಳೆ ವೈದ್ಯರನ್ನೂ ಕೇಳಿ, ಅದೇ ಗಂಟೆಗಳನ್ನು ತುಂಡು ಮಾಡಿ ಎರಡು ದೊಡ್ಡ ಊಟಗಳ ಸುತ್ತ ಹೊಂದಿಸಿಕೊಂಡೆ. ಊಟಕ್ಕೆ ಸ್ವಲ್ಪ ಮುಂಚೆ ಬ್ರೇಸ್ ಬಿಚ್ಚುವುದು, ಊಟವಾಗಿ ಒಂದಷ್ಟು ಹೊತ್ತು ನೆಟ್ಟಗೆ ಕೂತಿದ್ದು ಮತ್ತೆ ಕಟ್ಟುವುದು. ಉಳಿದ ಸಣ್ಣ ತಿನಿಸುಗಳೆಲ್ಲ ಬ್ರೇಸ್ ಇದ್ದಂತೆಯೇ. ಹೊಟ್ಟೆಯ ಭಾಗದಲ್ಲಿ ಪ್ಲಾಸ್ಟಿಕ್ಕನ್ನು ಕತ್ತರಿಸಿ ಕಿಂಡಿ ಬಿಡುವ ಸಾಧ್ಯತೆಯೂ ಇದೆ. ನಮಗೆ ಅದನ್ನು ಮಾಡಿಕೊಟ್ಟರು, ಪ್ರಯೋಜನವೂ ಆಯಿತು. ಧರಿಸುವ ಒಟ್ಟು ಗಂಟೆಗಳಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ತೆಗೆದುಕೊಳ್ಳಲಿಲ್ಲ, ಏಕೆಂದರೆ ಬ್ರೇಸಿನ ಫಲ ನಿಂತಿರುವುದೇ ಗಂಟೆಗಳ ಲೆಕ್ಕದ ಮೇಲೆ.

ಎರಡನೆಯದು ಆಹಾರದ ಸಾಂದ್ರತೆ. ಇಲ್ಲಿ ಆಹಾರ ತಜ್ಞೆ ಹೇಳಿಕೊಟ್ಟ ಒಂದು ಲೆಕ್ಕ ನನ್ನ ಗಾಬರಿಯನ್ನು ಬಹಳವಾಗಿ ಇಳಿಸಿತು. ಬೆಳೆಯುವ ಮಗುವಿನ ಮೈಯಲ್ಲಿ ಒಂದು ಗ್ರಾಂ ಕೂಡಲು ಸುಮಾರು 5 ಕ್ಯಾಲೊರಿ ಬೇಕು. ತಿಂಗಳಿಗೆ ಅರ್ಧ ಕಿಲೋ ಏರಬೇಕೆಂದರೆ 2,500 ಕ್ಯಾಲೊರಿ, ಅಂದರೆ ದಿನಕ್ಕೆ ಎಂಬತ್ತು ಚಿಲ್ಲರೆ. ಕೊಬ್ಬಿನ ಒಂದು ಗ್ರಾಂನಲ್ಲಿ 9 ಕ್ಯಾಲೊರಿ ಇರುವುದರಿಂದ ಎರಡು ಟೀ ಚಮಚ ಎಣ್ಣೆಯಲ್ಲೇ ಅಷ್ಟು ದೊರೆಯುತ್ತದೆ. ಈಗ ತಿನ್ನುತ್ತಿರುವುದು ಕಡಿಮೆಯಾಗದಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು. ಆದರೂ ತಟ್ಟೆಯ ಗಾತ್ರ ಹಿಗ್ಗಿಸದೆ ಕೆಲಸ ಸಾಧಿಸಬಹುದೆಂಬ ಧೈರ್ಯ ಅದರಿಂದ ಬಂತು.

ಎಣ್ಣೆ ಅಥವಾ ಬೆಣ್ಣೆಯನ್ನು ಒಂದೇ ಹೊತ್ತಿಗೆ ಸುರಿಯುವುದರಲ್ಲಿ ಒಂದು ತೊಡಕಿದೆ. ಕೊಬ್ಬು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುವುದರಿಂದ ಮುಂದಿನ ಹೊತ್ತಿನ ಹಸಿವೇ ಸತ್ತುಹೋಗುತ್ತದೆ. ಹಾಗಾಗಿ ಅರ್ಧರ್ಧ ಚಮಚವಾಗಿ ಪ್ರತಿ ಹೊತ್ತಿನ ಬಿಸಿ ಅಡುಗೆಯಲ್ಲಿ ಬೆರೆಸಿದೆ. ಬರೀ ಕೊಬ್ಬು ಕೂಡಿಸಿದರೆ ಸ್ನಾಯು ಬೆಳೆಯುವುದಿಲ್ಲವಾದ್ದರಿಂದ ಹಾಲಿಗೆ ಕೆನೆಭರಿತ ಹಾಲಿನ ಪುಡಿಯನ್ನು ಕದಡಿದೆ, ಮೊಟ್ಟೆ ಮತ್ತು ಅರೆದ ಬೀಜಗಳನ್ನು ಮೆತ್ತನೆಯ ಅಡುಗೆಗಳಲ್ಲಿ ಸೇರಿಸಿದೆ. ನೀರು, ತಿಳಿಸಾರಿನಂತಹ ಪದಾರ್ಥ, ಹಣ್ಣಿನ ರಸ ಇವೆಲ್ಲ ಊಟವಾದ ಮೇಲೆಯೇ; ಮೊದಲೇ ಕುಡಿದರೆ ಇದ್ದ ಜಾಗವನ್ನೂ ಅವೇ ಆಕ್ರಮಿಸುತ್ತವೆ. ಡಬ್ಬಿಯ ಪೌಷ್ಟಿಕ ಪಾನೀಯಗಳನ್ನು ನಾನು ತಜ್ಞೆಯ ಸಲಹೆಯಿಲ್ಲದೆ ಮುಟ್ಟಲಿಲ್ಲ.

ಹೊಟ್ಟೆಗೆ ಹೋಗುವುದರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಹೊರಗೆ ಹೋಗುವುದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಓಡಾಟ ಕಡಿಮೆ, ಹೊಟ್ಟೆಯ ಮೇಲೆ ಒತ್ತಡ, ಬ್ರೇಸ್ ಬಿಚ್ಚುವ ರಗಳೆಗೆ ಅಂಜಿ ನೀರು ಕುಡಿಯದಿರುವುದು ಇವೆಲ್ಲ ಸೇರಿ ಮಲಬದ್ಧತೆ ಅವಳಿಗೆ ನಿತ್ಯದ ಸಂಗಾತಿಯಾಗಿತ್ತು. ವೈದ್ಯರು ಕೊಟ್ಟ ಔಷಧಿಯೊಂದಿಗೆ, ಬೆಳಗಿನ ತಿಂಡಿಯಾದ ಮೇಲೆ ಬ್ರೇಸ್ ಇಲ್ಲದೆ, ಕಾಲ ಕೆಳಗೆ ಮಣೆಯಿಟ್ಟು ನಿಯಮಿತವಾಗಿ ಶೌಚಕ್ಕೆ ಕೂರಿಸುವ ರೂಢಿ ಮಾಡಿಸಿದೆ. ಇದು ಸರಿಹೋದ ಮೇಲೆ ಹಸಿವಿನಲ್ಲಿ ಕಂಡ ವ್ಯತ್ಯಾಸ, ನನ್ನ ಮಟ್ಟಿಗೆ, ಎಣ್ಣೆಯ ಚಮಚಗಳಿಗಿಂತ ದೊಡ್ಡದು.

ತೂಕವನ್ನು ದಿನವೂ ನೋಡಲಿಲ್ಲ, ನೋಡಿದರೆ ಮನೆಯವರೆಲ್ಲರ ಮುಖ ತಕ್ಕಡಿಯೊಂದಿಗೆ ಏರಿಳಿಯುತ್ತದೆ. ಎರಡು ವಾರಕ್ಕೊಮ್ಮೆ, ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಬ್ರೇಸ್ ಇಲ್ಲದೆ, ಅದೇ ತಕ್ಕಡಿಯಲ್ಲಿ ನಿಲ್ಲಿಸುತ್ತಿದ್ದೆ. ಎತ್ತರದ ವಿಷಯದಲ್ಲಿ ಎಚ್ಚರ ಬೇಕು: ಬೆನ್ನು ಬಾಗಿದಷ್ಟೂ ಎತ್ತರ ಕಡಿಮೆ ಕಾಣುತ್ತದೆ, ಅದನ್ನು ನಂಬಿ ಎತ್ತರಕ್ಕೆ ತಕ್ಕ ತೂಕ ಲೆಕ್ಕ ಹಾಕಿದರೆ ಸೊರಗಿದ ಮಗುವೂ ಸರಿಯಾಗಿದೆ ಎಂದೇ ಬರುತ್ತದೆ. ಅದಕ್ಕಾಗಿಯೇ ಎರಡು ತೋಳು ಚಾಚಿದ ಉದ್ದವನ್ನೋ ಮುಂಗೈ ಮೂಳೆಯ ಉದ್ದವನ್ನೋ ಅಳೆದು ಎತ್ತರವನ್ನು ಅಂದಾಜಿಸುತ್ತಾರೆ. ಹಾಗೆ ಅಳೆಯಿರಿ ಎಂದು ತಂದೆತಾಯಿ ಕೇಳಬಹುದು, ಕೇಳಲೇಬೇಕು.

ತೀರ ತೆಳ್ಳಗಿರುವ ಮಕ್ಕಳಲ್ಲಿ ಒಂದು ಅಪಾಯವನ್ನು ಗುರುತಿಸಲು ನಮಗೆ ಮೊದಲೇ ಹೇಳಿಕೊಟ್ಟಿದ್ದರು. ಕೊಬ್ಬಿನ ಮೆತ್ತೆ ಕರಗಿದಾಗ ಸಣ್ಣ ಕರುಳಿನ ಆರಂಭದ ಭಾಗವು ಮಹಾಪಧಮನಿ ಎಂಬ ದೊಡ್ಡ ರಕ್ತನಾಳಕ್ಕೂ ಅದರ ಕವಲೊಂದಕ್ಕೂ ನಡುವೆ ಸಿಕ್ಕಿ ಒತ್ತಲ್ಪಡಬಹುದು. ಬ್ರೇಸ್ ಅಥವಾ ಪ್ಲಾಸ್ಟರ್ ಹಾಕಿದ ಮೇಲೆ, ಇಲ್ಲವೇ ಬೆನ್ನನ್ನು ನೇರಗೊಳಿಸುವ ಶಸ್ತ್ರಚಿಕಿತ್ಸೆಯ ನಂತರ ಇದು ಆಗುವುದುಂಟು. ಊಟದ ನಂತರ ಹೊಟ್ಟೆ ಉಬ್ಬಿ ನೋಯುವುದು, ಹಸಿರು ಬಣ್ಣದ ವಾಂತಿ ಇದರ ಲಕ್ಷಣಗಳು. ಹಸಿರು ವಾಂತಿ ಕಂಡರೆ ಮನೆಯಲ್ಲಿ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ತೂಕ ಏರತೊಡಗಿದ ಮೇಲೆ ಬ್ರೇಸ್ ಬಿಗಿಯಾಗಿ ಚರ್ಮದ ಮೇಲೆ ಕೆಂಪು ಗುರುತುಗಳು ಬಿಚ್ಚಿ ಅರ್ಧ ಗಂಟೆಯಾದರೂ ಮಾಯದೆ ಉಳಿಯತೊಡಗಿದವು. ಆಗ ಪಟ್ಟಿಯನ್ನು ಸಡಿಲಿಸಿ ಸುಮ್ಮನಾಗದೆ, ಬ್ರೇಸನ್ನು ಮತ್ತೆ ಹೊಂದಿಸಿಕೊಡಲು ಕೇಳಬೇಕು, ಏಕೆಂದರೆ ಸಡಿಲಿಸಿದ ಬ್ರೇಸ್ ಒತ್ತಬೇಕಾದ ಜಾಗದಲ್ಲಿ ಒತ್ತುವುದಿಲ್ಲ. ಮೈಯಲ್ಲಿ ಅತಿಯಾಗಿ ಕೊಬ್ಬು ಸೇರಿದರೂ ಒತ್ತಡ ಮೂಳೆಗೆ ಸರಿಯಾಗಿ ತಲುಪದು. ಆದ್ದರಿಂದ ತಜ್ಞೆಯೊಂದಿಗೆ ಕೂತು ಗುರಿಯ ತೂಕವನ್ನು ಗೊತ್ತುಮಾಡಿಕೊಂಡೆವು. ಅದನ್ನು ಮುಟ್ಟಿದ ಮೇಲೆ ಎಣ್ಣೆಯನ್ನು ಅರ್ಧಕ್ಕೆ ಇಳಿಸಿದೆ. ಹಾಲಿನ ಪುಡಿ ಮತ್ತು ಊಟದ ವೇಳಾಪಟ್ಟಿ ಮಾತ್ರ ಈಗಲೂ ಹಾಗೆಯೇ ನಡೆದಿವೆ.