ಬೆವರುವ ಗೋಡೆ, ಬೂಷ್ಟು ಹಿಡಿದ ಬೀರು

ತೀರ್ಥಹಳ್ಳಿ ಸಮೀಪದ ನಮ್ಮ ಹೆಂಚಿನ ಮನೆಯನ್ನು ಇಳಿಸಿ ತಾರಸಿ ಮನೆ ಕಟ್ಟಿಸಿದ ಮೊದಲ ಮಳೆಗಾಲದಲ್ಲೇ ಮಲಗುವ ಕೋಣೆಯ ಪಡುಗೋಡೆಗೆ ಒರಗಿಸಿಟ್ಟಿದ್ದ ಬೀರುವಿನ ಹಿಂದೆ ಕಪ್ಪು ಬೂಷ್ಟು ಹರಡಿತು, ಒಳಗಿದ್ದ ರೇಷ್ಮೆ ಸೀರೆಗಳ ಮಡಿಕೆಗಳಲ್ಲಿ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ಗೋಡೆ ನೀರು ಕುಡಿಯುತ್ತಿದೆಯೆಂದು ನಾನೇ ತೀರ್ಮಾನಿಸಿ ಎರಡು ಬೇಸಿಗೆ ಹೊರಗೋಡೆಗೆ ದುಬಾರಿ ಬಣ್ಣ ಬಳಿಸಿದೆ. ಬೂಷ್ಟು ಕದಲಲಿಲ್ಲ.

ಮೂರನೆಯ ವರ್ಷ, ಬಣ್ಣಕ್ಕೆ ದುಡ್ಡು ಸುರಿಯುವ ಮೊದಲೇ ಮಾಡಬೇಕಿದ್ದ ಪರೀಕ್ಷೆಯನ್ನು ಮಾಡಿದೆ. ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟು ನೋಡಿದರೆ, ಗೋಡೆಯೊಳಗಿನಿಂದ ಬರುವ ನೀರು ಹಾಳೆಯ ಹಿಂಬದಿಯಲ್ಲೂ, ಕೋಣೆಯ ಗಾಳಿಯ ತೇವ ಮುಂಬದಿಯಲ್ಲೂ ಹನಿಗಟ್ಟುತ್ತದೆ. ಪಡುಗೋಡೆಯಲ್ಲಿ ಹಿಂಬದಿ ಒದ್ದೆಯಾಗಿತ್ತು, ಅಡುಗೆಮನೆಯಲ್ಲಿ ಮುಂಬದಿ. ಅಂದರೆ ಕಾಯಿಲೆ ಎರಡಿದ್ದವು, ನಾನು ಒಂದಕ್ಕೇ ಮದ್ದು ಮಾಡುತ್ತಿದ್ದೆ.

ಪಡುಗೋಡೆಗೆ ಅಜ್ಜನ ಉಪಾಯವೇ ಸಾಕಾಯಿತು. ಮೃಗಶಿರಾ ಮಳೆ ಹಿಡಿಯುವ ಮೊದಲು ಗೋಡೆಯಿಂದ ಗೇಣು ದೂರದಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿದೆ. ಮರುವರ್ಷ ತಾರಸಿಯ ಮೇಲೆ ಮೂರು ಅಡಿ ಹೊರಚಾಚಿದ ಶೀಟಿನ ಮಾಡು ಹಾಕಿಸಿದೆ. ಒಳಗಿನ ಪ್ಲಾಸ್ಟಿಕ್ ಬಣ್ಣವನ್ನು ಕೆರೆಸಿ ಸುಣ್ಣ ಹೊಡೆಸಿದೆ, ಏಕೆಂದರೆ ಒಳಹೊಕ್ಕ ತೇವಕ್ಕೆ ಹೊರಬರಲು ದಾರಿ ಬೇಕು.

ಒಳಗಿನ ತೇವ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರು ಆವಿಯಾಗಿ ಹುಟ್ಟುತ್ತದೆ, 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ 20 ಲೀಟರಿಗೂ ಮೀರಿದ ನೀರು ಮನೆಯ ಗಾಳಿಗೆ ಸೇರಿರುತ್ತದೆ. ಇದರ ಮೇಲೆ ಅನ್ನದ ಹಬೆ, ಹಜಾರದಲ್ಲಿ ಫ್ಯಾನಿನಡಿ ಹರವಿದ ಒದ್ದೆ ಬಟ್ಟೆ. ಒಲೆಯ ಮೇಲೆ ಎಗ್ಸಾಸ್ಟ್ ಫ್ಯಾನ್ ಹಾಕಿಸಿದೆ, ಬಟ್ಟೆಯನ್ನು ಹಜಾರದಿಂದ ಓಡಿಸಿದೆ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿದೆ.

ಆಮೇಲೆಯೂ ಪುಷ್ಯ ಮಳೆಯಲ್ಲಿ ಗಾಳಿಯ ತೇವ ಅಳೆಯುವ ಮಾಪಕ ಶೇಕಡಾ 90ರ ಮೇಲೆಯೇ ನಿಂತಿರುತ್ತಿತ್ತು. ಕಿಟಕಿ ತೆರೆದಿಡಿ ಎಂದು ಎಲ್ಲರೂ ಹೇಳಿದರು. ಆದರೆ ನಮ್ಮ ಆಷಾಢದಲ್ಲಿ ಹೊರಗಿನ ಗಾಳಿಯೇ ನೀರಿನಿಂದ ತುಂಬಿರುವಾಗ ಕಿಟಕಿ ಏನು ಮಾಡೀತು? ಆ ಗಾಳಿ ಕೊಂಚ ಬೆಚ್ಚಗಾಗಬೇಕು. 22 ಡಿಗ್ರಿಯಲ್ಲಿ ಶೇಕಡಾ 95 ತೇವವಿರುವ ಗಾಳಿ 26 ಡಿಗ್ರಿಗೆ ಏರಿದರೆ ಅದರ ಸಾಪೇಕ್ಷ ತೇವ, ಅಂದರೆ ಆ ಗಾಳಿ ಹಿಡಿದಿಡಬಲ್ಲ ನೀರಿನಲ್ಲಿ ಈಗಿರುವ ಪಾಲು, ಸುಮಾರು 75ಕ್ಕೆ ಇಳಿಯುತ್ತದೆ. ಹಳೆಯ ಮನೆಯಲ್ಲಿ ಬೆಳಗಿನ ಜಾವದಿಂದ ಉರಿಯುತ್ತಿದ್ದ ಬಚ್ಚಲೊಲೆ ಮಾಡುತ್ತಿದ್ದುದು ಇದನ್ನೇ, ಗಾಳಿ ಹೆಂಚಿನ ಸಂದಿಯಿಂದ ತಾನಾಗಿ ಹೊರಹೋಗುತ್ತಿತ್ತು. ಗೀಸರ್ ಬಂದಾಗ ಆ ಒಲೆಯನ್ನು ಒಡೆಸಿದವನು ನಾನೇ.

ಹಾಗಾಗಿ ಮಲಗುವ ಕೋಣೆಯ ಬೆನ್ನಿಗಿರುವ ಬಚ್ಚಲಿನಲ್ಲಿ, ಹೊಗೆ ಕೊಳವೆ ಸಮೇತ ಒಲೆಯನ್ನು ಮತ್ತೆ ಕಟ್ಟಿಸಿದೆ. ನಡುಗೋಡೆ ರಾತ್ರಿಯವರೆಗೂ ಉಗುರುಬೆಚ್ಚಗಿರುತ್ತದೆ, ಬಟ್ಟೆಯೂ ಅಲ್ಲೇ ಒಣಗುತ್ತದೆ. (ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವವರಿದ್ದಾರೆ, ಅದರ ವಿಷಾನಿಲ ಜೀವ ತೆಗೆಯುತ್ತದೆ, ಆ ಗೊಡವೆ ಬೇಡ.) ತೇವ ಹೀರುವ ಯಂತ್ರವನ್ನೂ ತಂದಿದ್ದೆ; ಕರೆಂಟಿದ್ದಾಗ ಚೆನ್ನಾಗಿಯೇ ದುಡಿಯಿತು, ಜುಲೈಯಲ್ಲಿ ಕರೆಂಟಿರಬೇಕಲ್ಲ.

ಈಗ ಮಲಗುವ ಕೋಣೆಯಲ್ಲಿ ಮಾಪಕ 75ರ ಆಸುಪಾಸಿನಲ್ಲಿರುತ್ತದೆ, ಸೀರೆಗಳು ಕ್ಷೇಮ. ಉಗ್ರಾಣ ಇನ್ನೂ ಹಟ ಬಿಟ್ಟಿಲ್ಲ. ಹಪ್ಪಳದ ಡಬ್ಬಿಗಳು ಮಳೆಗಾಲ ಮುಗಿಯುವವರೆಗೆ ಬಚ್ಚಲ ಅಟ್ಟದಲ್ಲಿರುತ್ತವೆ.